ಕೊಪ್ಪಳದಾಗ ಮನಿಗೇ ಬಂದು ಪ್ರಿಂಟರ್ ಶೇರಿಂಗ್ ಸರಿ ಮಾಡಿಕೊಟ್ಟವ್ರ ಬಗ್ಗೆ, ಸ್ವಲ್ಪ ಉದ್ದ ಐತಿ ಆದ್ರೂ ಓದ್ರಿ

ಐದಕ್ಕ ಐದು ಸ್ಟಾರ್ ಹಾಕೀನಿ. ಅರ್ಧ ಸ್ಟಾರ್ ಕಡಿಮಿ ಮಾಡಾಕ ಬರಂಗಿದ್ರ ನಾಲ್ಕೂವರಿ ಹಾಕ್ತಿದ್ದೆ, ಯಾಕ ಅಂತ ಮುಂದ ಹೇಳ್ತೀನಿ. ಬರೇ "ಗುಡ್ ಸರ್ವಿಸ್" ಅಂತ ಎರಡು ಶಬ್ದ ಬರ್ದು ಬಿಡಾಕ ಮನಸ್ಸು ಬರ್ಲಿಲ್ರಿ, ಯಾಕಂದ್ರ ಈ ಪ್ರಿಂಟರ್ ಸಲುವಾಗಿ ನಾಲ್ಕು ತಿಂಗಳು ಒದ್ದಾಡೀವಿ, ಇವ್ರಿಗಿಂತ ಮೊದಲು ಇಬ್ಬರನ್ನ ಕರ್ಸಿ ರೊಕ್ಕಾನೂ ಕೊಟ್ಟೀವಿ, ಕಡೀಕ ನೋಡಿದ್ರ ತೊಂದ್ರಿ ಪ್ರಿಂಟರಿನ್ಯಾಗ ಇರ್ಲೇ ಇಲ್ಲ. ನಮ್ಮಂಗ ಮ್ಯಾಲ ಕೆಳಗ ಎರಡು ಮನಿ ಮಾಡ್ಕೊಂಡು ಒಂದೇ ಇಂಟರ್ನೆಟ್ ಹಂಚ್ಕೊಂಡವ್ರು ಈ ಕಡೆ ಭಾಳ ಮಂದಿ ಅದಾರ, ಅವ್ರಿಗೆ ಉಪಯೋಗ ಆಗ್ಲಿ ಅಂತ ಎಲ್ಲಾ ಬರಿಯಾಕತ್ತೀನಿ.

ನಮ್ಮದು ಭಾಗ್ಯನಗರ. ಕೆಳಗ ಅತ್ತಿ ಮಾವ ಇರ್ತಾರ, ಮ್ಯಾಲ ನಾವು. ಮ್ಯಾಲಿನ ಮುಂದಿನ ಖೋಲ್ಯಾಗ ನಾ 8ರಿಂದ 10ನೇ ಕ್ಲಾಸಿನ ಹುಡುಗ್ರಿಗೆ ಗಣಿತ, ವಿಜ್ಞಾನ ಟ್ಯೂಷನ್ ಹೇಳ್ತೀನಿ, ಪ್ರಶ್ನೆಪತ್ರಿಕೆ ತಗ್ಯಾಕ ಅಂತ ಕಪ್ಪು ಬಿಳಿ ಲೇಸರ್ ಪ್ರಿಂಟರ್ ಇಟ್ಕೊಂಡೀನಿ, ವೈಫೈ ಇಲ್ಲದ್ದು, ಯುಎಸ್‌ಬಿ ವೈರಿಂದು. ಮಾವನವ್ರು ರಿಟೈರ್ ಆದ ಮ್ಯಾಲ ಓಣಿ ಮಂದಿಗೆ ಅರ್ಜಿ ಬರ್ದು ಕೊಡ್ತಾರ. ಬಾಡಿಗಿ ಕರಾರು, ನೇಕಾರರ ಅರ್ಜಿ, 371ಜೆ (ಕಲ್ಯಾಣ ಕರ್ನಾಟಕದವ್ರ ಮೀಸಲಾತಿ) ಸರ್ಟಿಫಿಕೇಟಿಗೆ ಬೇಕಾಗೋ ಕಾಗದ, ಪಂಚಾಯ್ತಿಗೆ ತಕರಾರು, ಹಿಂಗ ದಿನಕ್ಕ ನಾಲ್ಕೈದು ಇರ್ತಾವ. ಎಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ್ಯಾಗ ಟೈಪ್ ಮಾಡ್ತಾರ, ಕೈ ಅದಕ್ಕ ಕುಂತೈತಿ, ಬ್ಯಾರೆ ಕೀಬೋರ್ಡ್ ಕೊಟ್ರ ಆಗಂಗಿಲ್ಲ. ಪ್ರಿಂಟ್ ಬೇಕಂದ್ರ ಪೆನ್‌ಡ್ರೈವ್ ತಗೊಂಡು 19 ಮೆಟ್ಲ ಹತ್ತಿ ಬರಬೇಕು. ಅವ್ರಿಗೆ ವಯಸ್ಸು 72, ಎರಡೂ ಮೊಣಕಾಲು ಸವದಾವ ಅಂತ ಡಾಕ್ಟ್ರು ಹೇಳ್ಯಾರ. ಹತ್ತಿ ಬಂದು ಪೆನ್‌ಡ್ರೈವ್ ಹಾಕಿದ್ರ ಮ್ಯಾಲಿನ ಕಂಪ್ಯೂಟರಿನ್ಯಾಗ ನುಡಿ ಫಾಂಟ್ ಇಲ್ಲದ್ದಕ್ಕ ಅಕ್ಷರ ಎಲ್ಲಾ ಇಂಗ್ಲಿಷ್ ಅಕ್ಷರದ ತಲಿ ಮ್ಯಾಲ ಗೆರಿ ಚುಕ್ಕಿ ಇಟ್ಟಂಗ ಕಾಣೂದು. ಫಾಂಟ್ ಏನೋ ಹಾಕಿದ್ವಿ, ಅದು ಸರಿ ಆತು, ಮೆಟ್ಲ ಹತ್ತೋದು ತಪ್ಪಲಿಲ್ಲ. ಪಿಡಿಎಫ್ ಮಾಡಿ ವಾಟ್ಸಾಪಿಗೆ ಹಾಕ್ರಿ ಮಾವ, ನಾ ತಗದು ಕೊಡ್ತೀನಿ ಅಂದೆ, ಹಂಗೂ ಮಾಡಿದ್ವಿ, ಆದ್ರ ಅರ್ಜಿ ಬರಸಾಕ ಬಂದವ್ರು ಎದುರಿಗೆ ಕುಂತಿರ್ತಾರ, ಓದಿ ನೋಡಿ "ಯಜಮಾನ್ರ, ಸರ್ವೇ ನಂಬರ್ ತಪ್ಪೈತಿ" ಅಂತಾರ, ಮತ್ತ ತಿದ್ದಬೇಕು, ಮತ್ತ ಕಳಸಬೇಕು, ನಾ ಕ್ಲಾಸ್ ಬಿಟ್ಟು ಏಳಬೇಕು. ಒಂದು ಸಂಜಿ ಕತ್ತಲ್ದಾಗ ಇಳಿಯೋವಾಗ ಮಾವನವ್ರು ಮೆಟ್ಲದ ಮ್ಯಾಲ ಕಾಲು ಜಾರಿ ಕುಂತು ಬಿಟ್ರು, ದೇವರ ದಯ ಏನೂ ಆಗ್ಲಿಲ್ಲ. ಅವತ್ತೇ ನಮ್ಮನಿಯವ್ರು ಅಂದ್ರು, ಏನಾರ ಆಗ್ಲಿ ಕೆಳಗಿಂದನ ಪ್ರಿಂಟ್ ಬರಂಗ ಮಾಡ್ಸೋಣು ಅಂತ.

ಮೊದಲು ಬಂದವ್ರು ಹತ್ತು ನಿಮಿಷ ನೋಡಿ, ಇದು ಹಳೇ ಮಾಡೆಲ್ ರೀ, ಶೇರ್ ಆಗಂಗಿಲ್ಲ, ವೈಫೈ ಪ್ರಿಂಟರ್ ತಗೋರಿ ಅಂದ್ರು. ಬೆಲಿ ಕೇಳಿದ್ರ ನಂಗ ಎರಡು ತಿಂಗಳ ಟ್ಯೂಷನ್ ಫೀ. ಆ ಮಾತು ತಪ್ಪು ಅಂತ ಈಗ ಗೊತ್ತಾತು, ಯುಎಸ್‌ಬಿ ಪ್ರಿಂಟರ್ ಯಾವುದಿದ್ರೂ ಅದು ಕೂಡಿಸಿದ ಕಂಪ್ಯೂಟರ್ ಚಾಲೂ ಇದ್ರ ವಿಂಡೋಸ್ ಅದನ್ನ ಶೇರ್ ಮಾಡ್ತೈತಿ, ಪ್ರಿಂಟರಿಗೆ ನೆಟ್‌ವರ್ಕ್ ಅಂದ್ರೇನು ಗೊತ್ತಿರೋದ ಬೇಕಾಗಿಲ್ಲ. ಎರಡನೇದವ್ರು ಶೇರಿಂಗ್ ಸೆಟ್ಟಿಂಗ್ ಎಲ್ಲಾ ಆನ್ ಮಾಡಿ ನೋಡಿದ್ರು, ಬರ್ಲಿಲ್ಲ. ಆಮ್ಯಾಲ ಮಾವನವ್ರ ಕಂಪ್ಯೂಟರಿಗೆ ವಿಂಡೋಸ್ ಹೊಸಾದಾಗಿ ಹಾಕಬೇಕು ಅಂದು ತಮ್ಮ ಪೆನ್‌ಡ್ರೈವಿನಿಂದ ಹಾಕಿದ್ರು. ಫೈಲ್ ಕಾಪಿ ತಗೊಂಡಿದ್ರು, ಅದಕ್ಕ ಏನನ್ನಂಗಿಲ್ಲ, ಆದ್ರ ನುಡಿ ಹೋತು, ಮಾವನವ್ರು ವರ್ಷಗಟ್ಲೆ ಹೊಂದಿಸಿಟ್ಟಿದ್ದ ವರ್ಡಿನ ಮಾದರಿ ಅರ್ಜಿಗಳ ಸೆಟ್ಟಿಂಗ್ ಹೋತು, ಪ್ರಿಂಟ್ ಮಾತ್ರ ಬರ್ಲಿಲ್ಲ. ಮಾವನವ್ರು ಎರಡು ದಿನ ಯಾರ ಜೋಡಿನೂ ಸರಿಯಾಗಿ ಮಾತಾಡಲಿಲ್ಲ. ಅದನ್ನ ನೆನಸಿಕೊಂಡ್ರ ಈಗಲೂ ಸಂಕಟ ಆಗ್ತೈತಿ.

ಮೂರನೇದವ್ರೇ ಇವ್ರು. ಜವಾಹರ್ ರೋಡ್ ಕಡೆ ಸಣ್ಣ ಅಂಗಡಿ, ಒಬ್ಬನೇ ಹುಡುಗ ನಡಸ್ತಾನ, ಮನಿಗೂ ಬರ್ತಾನ. ನಂಗ ಹಿಡಿಸಿದ್ದು ಏನಂದ್ರ ಬಂದ ಕೂಡ್ಲೇ ಮೌಸ್ ಹಿಡಿಲಿಲ್ಲ. ಚಹಾ ಕುಡ್ಕೊಂತ "ಅಕ್ಕಾರ, ಇಂಟರ್ನೆಟ್ ಡಬ್ಬಿ ಎಲ್ಲೆಲ್ಲಿ ಅದಾವ ತೋರಸ್ರಿ ಮೊದ್ಲ" ಅಂದ. ಕೆಳಗ ಫೈಬರ್ ಕಂಪನಿಯವ್ರು ಕೂಡಿಸಿದ ಡಬ್ಬಿ ಐತಿ. ಅದರ ವೈಫೈ ಸ್ಲ್ಯಾಬ್ ದಾಟಿ ಮ್ಯಾಲ ಬರ್ತಿರ್ಲಿಲ್ಲ ಅಂತ ಎರಡು ವರ್ಷದ ಹಿಂದ ನಾವೇ ಒಂದು ರೌಟರ್ ತಂದು, ಕೆಳಗಿಂದ ವೈರ್ ಎಳದು ಮ್ಯಾಲ ಹಾಕ್ಕೊಂಡಿದ್ವಿ. ವೈರ್ ಸಿಗ್ಸಿದ್ದು ಬಣ್ಣ ಬ್ಯಾರೆ ಇರ್ತೈತಲ್ಲ ಆ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ವೈರ್ ಸಿಗ್ಸೋ ಜಾಗ), ಡಬ್ಬಿ ಮ್ಯಾಲಿನ ಚಿತ್ರದಾಗ ಹಂಗ ಇತ್ತು. ಇಂಟರ್ನೆಟ್ ಎರಡೂ ಕಡೆ ಚಂದ ಬರ್ತಿತ್ತು, ಹಂಗಾಗಿ ಅದರ ಮ್ಯಾಲ ಯಾರಿಗೂ ಸಂಶಯ ಬರ್ಲಿಲ್ಲ.

ಹುಡುಗ ಎರಡೂ ಕಂಪ್ಯೂಟರಿನ್ಯಾಗ ಕಪ್ಪು ಕಿಟಕಿ (ಕಮಾಂಡ್ ಪ್ರಾಂಪ್ಟ್) ತಗದು ಐಪಿಕಾನ್ಫಿಗ್ ಅಂತ ಹೊಡದ. ಬಂದ ನಂಬರ್, ಅಂದ್ರ ನೆಟ್‌ವರ್ಕಿನ್ಯಾಗ ಆ ಕಂಪ್ಯೂಟರಿನ ವಿಳಾಸ, ಒಂದು ಹಾಳಿ ಮ್ಯಾಲ ಒಂದರ ಕೆಳಗ ಒಂದು ಬರ್ದ. ಕೆಳಗಿಂದು 192.168.1.34, ಮ್ಯಾಲಿಂದು 192.168.0.102. "ಮೂರನೇ ನಂಬರ್ ನೋಡ್ರಿ ಅಕ್ಕಾರ, ಒಂದಕ್ಕ 1 ಐತಿ, ಇನ್ನೊಂದಕ್ಕ 0. ನಿಮ್ಮನಿ ಒಂದ, ನೆಟ್‌ವರ್ಕ್ ಎರಡು" ಅಂದ. ಆಮ್ಯಾಲ ಎರಡೂ ಕಡೆಯಿಂದ ಪಿಂಗ್ ಮಾಡಿ, ಅಂದ್ರ ಒಂದು ಕಂಪ್ಯೂಟರಿನಿಂದ ಇನ್ನೊಂದನ್ನ ಕೂಗಿ ಉತ್ತರ ಬರ್ತೈತೇನು ಅಂತ ನೋಡಿ, ತೋರಿಸಿದ. ಮ್ಯಾಲಿಂದ ಕೆಳಗಿನ ಕಂಪ್ಯೂಟರಿಗೆ ಉತ್ತರ ಬಂತು, ಕೆಳಗಿಂದ ಮ್ಯಾಲಿಂದಕ್ಕ ಟೈಮ್ಡ್ ಔಟ್, ಅಂದ್ರ ಉತ್ತರ ಇಲ್ಲ. ಯಾಕಂದ್ರ ಮ್ಯಾಲಿನ ರೌಟರಿಗೆ ವ್ಯಾನ್ ಪೋರ್ಟಿನ ಆಚಿ ಇರೋದೆಲ್ಲಾ ಹೊರಗಿನ ಇಂಟರ್ನೆಟ್ ಇದ್ದಂಗ. ತನ್ನ ಒಳಗಿನವ್ರು ಹೊರಗ ಹೋಗಿ ಕೇಳಿದ್ರ ಉತ್ತರ ಒಳಗ ಬಿಡ್ತೈತಿ, ಹೊರಗಿಂದ ತಾವಾಗೇ ಬಾಗ್ಲ ಬಡದವ್ರನ್ನ ಒಳಗ ಬಿಡಂಗಿಲ್ಲ. ನಮ್ಮ ಪ್ರಿಂಟರ್ ಒಳಗ, ಮಾವನವ್ರು ಹೊರಗ. ಮ್ಯಾಲಿನ ಟ್ಯಾಂಕಿನಿಂದ ಕೆಳಗಿನ ನಳಕ್ಕ ನೀರು ಇಳೀತೈತಿ, ಮೋಟರ್ ಇಲ್ಲದ ಕೆಳಗಿಂದು ಮ್ಯಾಲ ಏರಂಗಿಲ್ಲ, ಹಂಗ ತಿಳ್ಕೊಳ್ರಿ ಅಂತ ಮಾವನವ್ರಿಗೆ ಹೇಳಿದ, ಅವ್ರಿಗೆ ಚಲೋ ತಿಳೀತು. ಇಷ್ಟು ನೋಡಾಕ ಅವಗ ಹಿಡದಿದ್ದು ಹದಿನೈದು ನಿಮಿಷ. ಶೇರಿಂಗ್ ಪೇಜಿನ್ಯಾಗಿನ ಬಟನ್ ಎಷ್ಟು ಸಲ ಒತ್ತಿದ್ರೂ, ವಿಂಡೋಸ್ ಎಷ್ಟು ಸಲ ಹೊಸಾದು ಹಾಕಿದ್ರೂ ಇದು ಸರಿ ಆಗೂದಲ್ಲ. ಪೆನ್‌ಡ್ರೈವ್ ಹಿಡಕೊಂಡು ಬರೂ ಮುಂಚೆ ಹಾಳಿ ಪೆನ್ ಹಿಡಕೊಂಡು ಬರವ್ರನ್ನ ಹುಡುಕ್ರಿ ಅಂತ ನಾ ಈಗ ಎಲ್ಲಾರಿಗೂ ಹೇಳಾಕತ್ತೀನಿ.

ಸರಿ ಮಾಡಿದ್ದು ಹೆಂಗಂದ್ರ, ಮ್ಯಾಲಿನ ರೌಟರಿನ ಪೇಜಿಗೆ ಹೋಗಿ ಅದರ ಸ್ವಂತ ವಿಳಾಸ 192.168.1.2 ಮಾಡಿದ, ಕೆಳಗಿನ ಡಬ್ಬಿ ಹಂಚೋ ನಂಬರಿನ ಸಾಲಿನ್ಯಾಗ ಆ ನಂಬರ್ ಇಲ್ಲ ಅಂತ ಮೊದಲ ನೋಡ್ಕೊಂಡ. ಆಮ್ಯಾಲ ಅದು ನಂಬರ್ ಹಂಚೋ ಕೆಲಸ, ಅಂದ್ರ ಡಿಎಚ್‌ಸಿಪಿ, ಬಂದ್ ಮಾಡಿ ವೈರನ್ನ ವ್ಯಾನ್ ಪೋರ್ಟಿನಿಂದ ಕಿತ್ತು ಪಕ್ಕದ ಲ್ಯಾನ್ (ಮನಿ ಒಳಗಿನ ನೆಟ್‌ವರ್ಕ್) ಪೋರ್ಟಿಗೆ ಹಾಕಿದ. ಅಷ್ಟ. ಈಗ ಮ್ಯಾಲಿನ ರೌಟರ್ ಬರೇ ವೈಫೈ ಕೊಡೋ ಕೆಲಸ ಮಾಡ್ತೈತಿ, ನಂಬರ್ ಕೊಡೋದು ಕೆಳಗಿನ ಡಬ್ಬಿ ಒಂದೇ. ಕೆಲವು ರೌಟರಿನ್ಯಾಗ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಒಂದು ಆಪ್ಷನ್ ಇರ್ತೈತಿ, ಅದು ಒತ್ತಿದ್ರ ಇದೆಲ್ಲಾ ತಾನ ಆಗ್ತೈತಿ, ನಮ್ಮದು ಹಳೇದು, ಇರ್ಲಿಲ್ಲ. ಕೆಳಗಿನ ಡಬ್ಬಿಯೊಳಗ ಮ್ಯಾಲಿನ ಕಂಪ್ಯೂಟರಿನ ಮ್ಯಾಕ್ ನಂಬರ್ (ಆ ಯಂತ್ರದ ಗುರುತಿನ ನಂಬರ್) ಬರಿಸಿ ಅದಕ್ಕ ಯಾವಾಗ್ಲೂ 192.168.1.50 ಕೊಡು ಅಂತ ಕಟ್ಟಿ ಹಾಕಿದ. ನಮ್ಮ ಕಡೆ ಬ್ಯಾಸಗ್ಯಾಗ ಕರೆಂಟ್ ಹೋಗಿ ಬರೋದು ಹೆಚ್ಚು, ಡಬ್ಬಿ ಬಂದ್ ಆಗಿ ಚಾಲೂ ಆದಾಗ ನಂಬರ್ ಬದಲಾಗಬಹುದು, ಅದಕ್ಕ ಇದು ಬೇಕು ಅಂದ.

ಇಷ್ಟಾದ ಮ್ಯಾಲ ಬಂದು ಬಿಡ್ತೈತಿ ಅನ್ಕೊಂಡಿದ್ವಿ, ಬರ್ಲಿಲ್ಲ. ರೌಟರ್ ಬದಲಾದ ಕೂಡ್ಲೇ ಮ್ಯಾಲಿನ ಕಂಪ್ಯೂಟರ್ ಇದು ಯಾವುದೋ ಹೊಸ ನೆಟ್‌ವರ್ಕ್ ಅಂತ ತಿಳದು ಪಬ್ಲಿಕ್ ಅಂತ ಇಟ್ಕೊಂಡಿತ್ತು, ಬಸ್ ಸ್ಟ್ಯಾಂಡಿನ ವೈಫೈ ಇದ್ದಂಗ, ಯಾರಿಗೂ ಮುಖ ತೋರಸಂಗಿಲ್ಲ. ಅದನ್ನ ಪ್ರೈವೇಟ್ ಮಾಡಿ, ನೆಟ್‌ವರ್ಕ್ ಡಿಸ್ಕವರಿ ಮತ್ತ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಚಾಲೂ ಮಾಡಿದ. ಕಂಪ್ಯೂಟರಿನ ಹೆಸರು ಡೆಸ್ಕ್‌ಟಾಪ್ ಅಂತ ಶುರುವಾಗಿ ಮುಂದ ಏನೇನೋ ಅಕ್ಷರ ಇದ್ವು, ಅದನ್ನ ತಗದು "ಮೇಲೆ" ಅಂತ ಇಂಗ್ಲಿಷ್ ಅಕ್ಷರದಾಗ ಇಟ್ಟ, ಪ್ರಿಂಟರಿನ ಶೇರ್ ಹೆಸರು ನಡುವ ಜಾಗ ಬಿಡದ ಒಂದೇ ಶಬ್ದ. ಸಣ್ಣ ವಿಷಯ, ಆದ್ರ ಮಾವನವ್ರು ಈಗ ಪ್ರಿಂಟರ್ ಲಿಸ್ಟಿನ್ಯಾಗ ಆ ಹೆಸರು ನೋಡಿ ತಾವ ಆರಿಸ್ತಾರ, ನನ್ನ ಕೇಳಂಗಿಲ್ಲ.

ಕೆಳಗಿಂದ ಹೋದ್ರ ಹೆಸರು ಪಾಸ್‌ವರ್ಡ್ ಕೇಳ್ತು. ನಾ ದಿನಾ ಕಂಪ್ಯೂಟರ್ ತಗ್ಯಾಕ ಹಾಕೋ ನಾಲ್ಕು ಅಂಕಿ ಪಿನ್ ಹಾಕಿದೆ, ತಪ್ಪು ಅಂತು. ಮೂರು ಸಲ ಹಾಕಿದೆ. ಅವಾಗ ಹುಡುಗ ಹೇಳಿದ, ಪಿನ್ ಅನ್ನೋದು ಆ ಕಂಪ್ಯೂಟರಿನ ಎದುರಿಗೆ ಕುಂತವ್ರಿಗೆ ಮಾತ್ರ, ನೆಟ್‌ವರ್ಕ್ ಮ್ಯಾಲಿಂದ ಬಂದವ್ರಿಗೆ ನಡ್ಯಂಗಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು ಅಂತ. ಇದೊಂದು ಗೊತ್ತಿಲ್ಲದ ಎಷ್ಟು ಮಂದಿ ತಲಿ ಕೆಡಿಸ್ಕೊಂಡಿರ್ತಾರೋ ಏನೋ. ಸುಲಭ ದಾರಿ ಅಂದ್ರ ಪಾಸ್‌ವರ್ಡ್ ಕೇಳೋದನ್ನೇ ಬಂದ್ ಮಾಡೋದು, ಎರಡನೇದವ್ರು ಅದನ್ನೇ ಮಾಡಿ ಹೋಗಿದ್ರಂತ, ಈ ಹುಡುಗ ಅದನ್ನ ತಿರುಗಿ ಚಾಲೂ ಮಾಡಿದ. ಟ್ಯೂಷನ್ ಹುಡುಗ್ರಿಗೂ ಕೆಲವೊಮ್ಮೆ ವೈಫೈ ಕೊಡ್ತೀನಿ, ಪ್ರಶ್ನೆಪತ್ರಿಕೆ ಇರೋ ಕಂಪ್ಯೂಟರ್ ಹಂಗ ಬಾಗ್ಲ ತಗದು ಇಡಬಾರ್ದು ಅಂದ. ಖರೇ ಮಾತು. ಮ್ಯಾಲಿನ ಕಂಪ್ಯೂಟರಿನ್ಯಾಗ ಪ್ರಿಂಟಿಗಂತನ ಒಂದು ಸಾದಾ ಯೂಸರ್ ಮಾಡಿ ಪಾಸ್‌ವರ್ಡ್ ಇಟ್ಟ, ಕೆಳಗಿಂದರೊಳಗ ಕ್ರೆಡೆನ್ಷಿಯಲ್ ಮ್ಯಾನೇಜರ್ ಅಂತ ಇರ್ತೈತಿ, ಅಲ್ಲಿ ಉಳಿಸಿದ, ಈಗ ಕೇಳೋದೇ ಇಲ್ಲ.

ಆಮ್ಯಾಲ ಬಂದದ್ದು 11ಬಿ ಅಂತ ಮುಗಿಯೋ ಎರರ್. ಇದಕ್ಕ ಸ್ವಲ್ಪ ಹಿಂದಿನ ಕತಿ ಐತಿ. 2021ರ ಜುಲೈದಾಗ ವಿಂಡೋಸಿನ ಪ್ರಿಂಟ್ ಸ್ಪೂಲರಿನ್ಯಾಗ (ಪ್ರಿಂಟ್ ಕೆಲಸ ಸಾಲಿಗೆ ಹಚ್ಚೋ ಭಾಗ) ಸೆಕ್ಯೂರಿಟಿಯ ದೊಡ್ಡ ತೂತು ಸಿಕ್ಕಿತ್ತು, ಪ್ರಿಂಟ್‌ನೈಟ್‌ಮೇರ್ ಅಂತ ಹೆಸರಾಗಿತ್ತು. ಆ ವರ್ಷ ಪ್ರಿಂಟಿಂಗಿನ ಸೆಕ್ಯೂರಿಟಿ ಒಂದಾದ ಮ್ಯಾಲ ಒಂದು ಬಿಗಿ ಆತು. ಆಗಸ್ಟ್ ಅಪ್‌ಡೇಟಿನಿಂದ ಶೇರ್ ಆದ ಪ್ರಿಂಟರಿನ ಡ್ರೈವರ್ (ಪ್ರಿಂಟರ್ ನಡಸೋ ಸಾಫ್ಟ್‌ವೇರ್) ಇಳಿಸ್ಕೊಳ್ಳಾಕ ಅಡ್ಮಿನ್ ಅನುಮತಿ ಬೇಕಾತು, ಸೆಪ್ಟೆಂಬರ್ ಅಪ್‌ಡೇಟಿನಿಂದ ಪ್ರಿಂಟರ್ ಇರೋ ಕಂಪ್ಯೂಟರ್ ಹೆಚ್ಚು ಭದ್ರ ರೀತಿಯೊಳಗ ಮಾತಾಡಿದ್ರ ಮಾತ್ರ ಒಪ್ಪಾಕ ಶುರು ಮಾಡ್ತು. ನನ್ನ ಕಂಪ್ಯೂಟರ್ ಎಲ್ಲಾ ಅಪ್‌ಡೇಟ್ ತಗೊಂಡಿತ್ತು. ಮಾವನವ್ರದಕ್ಕ ಎರಡನೇದವ್ರು ಹಾಕಿದ್ದು ಪೆನ್‌ಡ್ರೈವಿನ್ಯಾಗಿನ ಅದಕ್ಕಿಂತ ಹಳೇ ವಿಂಡೋಸ್ 10, ಮತ್ತ ಡೇಟಾ ಉಳೀಲಿ ಅಂತ ಅಪ್‌ಡೇಟ್ ಬಂದ್ ಮಾಡಿ ಹೋಗಿದ್ರು. ಹಂಗಾಗಿ ಎರಡಕ್ಕೂ ಮಾತು ಕೂಡಲಿಲ್ಲ. ನಮ್ಮನಿಯವ್ರು ಅಷ್ಟೊತ್ತಿಗೆ ಫೋನಿನ್ಯಾಗ ಹುಡುಕಿ, ರಿಜಿಸ್ಟ್ರಿಯೊಳಗ (ವಿಂಡೋಸಿನ ಒಳಗಿನ ಸೆಟ್ಟಿಂಗ್ ಪಟ್ಟಿ) ಒಂದು ಸಾಲು ಸೇರಿಸಿ ಅದಕ್ಕ ಸೊನ್ನಿ ಕೊಟ್ರ ಬರ್ತೈತಂತ ನೋಡು ತಮ್ಮಾ ಅಂದ್ರು. ಹುಡುಗ "ಬರ್ತೈತಿ ಅಣ್ಣಾರ, ನಂಗೂ ಗೊತ್ತೈತಿ, ಆದ್ರ ಅದು ಹೊಸಾದಾಗಿ ಹಾಕಿದ ಕೀಲಿ ತಗದಂಗ, ನಾ ಮಾಡಂಗಿಲ್ಲ" ಅಂದ. ಎರಡು ನಿಮಿಷದಾಗ ಸೊನ್ನಿ ಹೊಡದು ರೊಕ್ಕ ತಗೊಂಡು ಹೋಗಬಹುದಿತ್ತು. ಹೋಗಲಿಲ್ಲ. ಅಪ್‌ಡೇಟ್ ಹಾಕಿ, ಇವತ್ತು ಇದು ಇಳೀಲಿ, ನಾಳೆ ಬರ್ತೀನಿ ಅಂತ ಹೋದ. ರಾತ್ರಿ ಎಲ್ಲಾ ಇಳೀತು. ಮರುದಿನ ಬಂದು ಪ್ರಿಂಟರ್ ಕಂಪನಿಯ ಡ್ರೈವರ್ ಮೊದಲ ಮಾವನವ್ರ ಕಂಪ್ಯೂಟರಿಗೆ ಹಾಕಿ, ಆಮ್ಯಾಲ ಕೂಡಿಸಿದ, ಎರರ್ ಇಲ್ಲ. ವಿಂಡೋಸ್ 10ಕ್ಕ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದೈತಿ, ಯಾವಾಗಾರ ಕಂಪ್ಯೂಟರ್ ಬದಲಿ ಮಾಡೋದು ನೋಡ್ರಿ ಅಂತ ಹೇಳಿದ, ಅವಸರ ಮಾಡಲಿಲ್ಲ, ತನ್ನ ಅಂಗಡ್ಯಾಗ ತಗೋರಿ ಅಂತನೂ ಅನ್ನಲಿಲ್ಲ.

ಮೊದಲನೇ ಪ್ರಿಂಟ್ ಮಾವನವ್ರೇ ಕೊಟ್ರು. ನಾ ಮ್ಯಾಲ ನಿಂತಿದ್ದೆ. ಪ್ರಿಂಟರ್ ಗುರ್ ಅಂತು, ಹಾಳಿ ಬಂತು, ನುಡಿ ಅಕ್ಷರ ಒಂದೂ ಕೆಟ್ಟಿರ್ಲಿಲ್ಲ. ನಾ ಜಂಗ್ಲಿಯಿಂದ ಕೂಗಿದೆ, ಬಂತ್ರಿ ಮಾವ ಅಂತ. ಅವ್ರು ಕೆಳಗಿಂದ "ಇನ್ನೊಂದು ಕಳಸ್ಲೇನ ಯವ್ವಾ" ಅಂದ್ರು. ನಂಗ ಕಣ್ಣು ತುಂಬಿ ಬಂತು, ಸುಳ್ಳಲ್ಲ.

ನುಡಿ ಕೆಡದಿದ್ದಕ್ಕೂ ಕಾರಣ ಕೇಳಿದೆ. ಶೇರಿಂಗಿನ್ಯಾಗ ಪುಟ ತಯಾರಾಗೋದು ಪ್ರಿಂಟ್ ಕೊಡೋ ಕಂಪ್ಯೂಟರಿನ್ಯಾಗ, ತಯಾರಾದ ಪುಟ ಮ್ಯಾಲ ಹೋಗ್ತೈತಿ, ಹಂಗಾಗಿ ಫಾಂಟ್ ಕೆಳಗ ಒಂದು ಕಡೆ ಇದ್ರ ಸಾಕು. ನುಡಿ, ಬರಹ ಸಾಫ್ಟ್‌ವೇರಿನ್ಯಾಗ ಹಳೇ ಫೈಲ್ ಇಟ್ಕೊಂಡವ್ರು ಇದನ್ನ ನೆನಪಿಟ್ಕೊಳ್ರಿ, ಪೆನ್‌ಡ್ರೈವಿಗಿಂತ ಇದು ಎಷ್ಟೋ ಚಲೋ.

ಕೇಳದ ಮಾಡಿದ ಕೆಲಸಾನೂ ಹೇಳಬೇಕು. ಪ್ರಿಂಟರ್ ಪ್ಲಗ್ಗು ಇನ್ವರ್ಟರ್ ಲೈನಿಗೆ ಇತ್ತು, ಪ್ರಿಂಟ್ ಕೊಟ್ಟಾಗೊಮ್ಮೆ ಟ್ಯೂಬ್‌ಲೈಟ್ ಮಿಣಕ್ ಅಂತಿತ್ತು, ನಾವು ಗಮನ ಕೊಟ್ಟಿರ್ಲಿಲ್ಲ. ಲೇಸರ್ ಪ್ರಿಂಟರ್ ಒಳಗ ಟೋನರ್ ಪುಡಿ ಹಾಳಿಗೆ ಕರಗಿ ಹಿಡಿಯಾಕ ಸುಮಾರು 200 ಡಿಗ್ರಿ ಕಾಯಬೇಕು, ಆ ಹೊತ್ತಿಗೆ ಒಮ್ಮೆಲೆ ಭಾಳ ಕರೆಂಟ್ ಜಗ್ತೈತಿ, ಇನ್ವರ್ಟರಿಗೆ ಯುಪಿಎಸ್‌ಗೆ ಹಾಕಬಾರ್ದು ಅಂತ ತಗದು ಸಾದಾ ಲೈನಿಗೆ ಹಾಕಿದ. ಎರಡೂ ಕಂಪ್ಯೂಟರ್, ಎರಡೂ ಇಂಟರ್ನೆಟ್ ಡಬ್ಬಿ ಇನ್ವರ್ಟರ್ ಮ್ಯಾಲ. ಈಗ ಕರೆಂಟ್ ಹೋದಾಗ ಮಾವನವ್ರು ಕಳಿಸಿದ್ದು ನನ್ನ ಕಂಪ್ಯೂಟರಿನ್ಯಾಗ ಸಾಲು ಹಚ್ಚಿ ನಿಂತಿರ್ತೈತಿ, ಕರೆಂಟ್ ಬಂದ ಮ್ಯಾಲ ಹೊರಗ ಬೀಳ್ತೈತಿ. ನನ್ನ ಕಂಪ್ಯೂಟರ್ ಹೊತ್ತು ಹೋದಂಗ ಮಲಗ್ತಿತ್ತು, ಅದು ಮಲಗಿದ್ರ ಕೆಳಗ ಪ್ರಿಂಟರ್ ಆಫ್‌ಲೈನ್ ಅಂತ ಬರ್ತೈತಿ, ಅದಕ್ಕ ಸ್ಲೀಪ್ ಪೂರ್ತಿ ತಗದ, ಸ್ಕ್ರೀನ್ ಅಷ್ಟ ಆರ್ತೈತಿ. ಮತ್ತ ಡೆಸ್ಕ್‌ಟಾಪ್ ಮ್ಯಾಲ ಒಂದು ಸಣ್ಣ ಫೈಲ್ ಇಟ್ಟು ಹೋಗ್ಯಾನ, ಪ್ರಿಂಟ್ ನಡುವ ಸಿಕ್ಕೊಂಡ್ರ ಅದರ ಮ್ಯಾಲ ರೈಟ್ ಕ್ಲಿಕ್ ಮಾಡಿ ಅಡ್ಮಿನ್ ಅಂತ ಓಡಿಸಿದ್ರ ಸ್ಪೂಲರ್ ನಿಲ್ಲಿಸಿ, ಸಿಸ್ಟಮ್32 ಒಳಗಿನ ಸ್ಪೂಲ್ ಫೋಲ್ಡರಿನ್ಯಾಗ ಕೂಡಿಬಿದ್ದಿದ್ದು ಅಳಿಸಿ, ತಿರುಗಿ ಚಾಲೂ ಮಾಡ್ತೈತಿ. ಈ ಐದು ವಾರದಾಗ ಎರಡು ಸಲ ಬಳಸೀನಿ, ಎರಡೂ ಸಲ ಸರಿ ಆಗೈತಿ.

ರೊಕ್ಕದ ವಿಷಯ. ಬಂದಿದ್ದಕ್ಕ 200, ಕೆಲಸಕ್ಕ 600, ಎರಡನೇ ದಿನಕ್ಕ ಬ್ಯಾರೆ ಏನೂ ತಗೋಲಿಲ್ಲ. ಮೊದಲ ಇಬ್ಬರಿಗೆ ಕೂಡಿ ನಾವು ಕೊಟ್ಟಿದ್ದು ಇದಕ್ಕಿಂತ ಹೆಚ್ಚು. ಅತ್ತಿ ಒಗ್ಗರಣಿ ಮಿರ್ಚಿ ಮಾಡಿ ತಿನಿಸಿ ಕಳಿಸಿದ್ರು.

ಅರ್ಧ ಸ್ಟಾರ್ ಯಾಕ ಕಡಿಮಿ ಅಂದ್ರ, ಸೋಮವಾರ ಬರ್ತೀನಿ ಅಂದವ ಬುಧವಾರ ಬಂದ, ನಡುವ ಫೋನ್ ಮಾಡಿದ್ರ ಎತ್ತಲಿಲ್ಲ. ಒಬ್ಬನ ಇರೋದು, ತಿಳೀತೈತಿ, ಆದ್ರ ಬರಾಕ ಆಗಂಗಿಲ್ಲ ಅಂತ ಒಂದು ಮೆಸೇಜ್ ಹಾಕಿದ್ರ ಸಾಕಿತ್ತು, ಅವತ್ತು ಮೂರು ಮಂದಿ ಅರ್ಜಿ ಬರಸಾಕ ಬಂದು ಕಾದು ಹೋದ್ರು. ಬಿಲ್ಲೂ ನಾವಾಗೇ ಕೇಳಿದ ಮ್ಯಾಲ ಬರ್ದು ಕೊಟ್ಟ. ಈ ಎರಡು ಸರಿ ಮಾಡ್ಕೊಂಡ್ರ ಯಾವ ದೊಡ್ಡ ಅಂಗಡಿಗೂ ಕಡಿಮಿ ಇಲ್ಲ.

ಫೋನಿಂದ ಸೀದಾ ಪ್ರಿಂಟ್ ಇನ್ನೂ ಬರಂಗಿಲ್ಲ, ಅದು ಅವನ ತಪ್ಪಲ್ಲ, ವಿಂಡೋಸ್ ಮಾಡೋ ಈ ಶೇರಿಂಗ್ ಫೋನಿಗೆ ಸೀದಾ ಕಾಣಂಗಿಲ್ಲ ಅಂತ ಮೊದಲ ಹೇಳಿದ್ದ. ಕರಿಯೋರು ಒಂದು ಕೆಲಸ ಮಾಡ್ರಿ, ಅವ ಬರೂ ಮುಂಚೆ ಫೈಬರ್ ಡಬ್ಬಿ ಮತ್ತ ನಿಮ್ಮ ರೌಟರ್ ಎರಡರ ಅಡ್ಮಿನ್ ಪಾಸ್‌ವರ್ಡ್ ಹುಡುಕಿ ಇಟ್ಕೊಳ್ರಿ, ಡಬ್ಬಿ ಕೆಳಗಿನ ಚೀಟಿ ಮ್ಯಾಲ ಇರ್ತೈತಿ, ನಮ್ಮನ್ಯಾಗ ಆ ಚೀಟಿ ಹರದಿತ್ತು ಅಂತ ಅರ್ಧ ತಾಸು ಅದಕ್ಕ ಹೋತು. ಅವ ನಂಬರ್ ಬರ್ದಿದ್ದ ಹಾಳಿಯನ್ನ ಮಾವನವ್ರು ತಮ್ಮ ಮೇಜಿನ ಗಾಜಿನ ಕೆಳಗ ಇಟ್ಕೊಂಡಾರ, ಪ್ರಿಂಟರ್ ಆಫ್‌ಲೈನ್ ಅಂತ ಬಂದ್ರ ಈಗ ತಾವ ಕಪ್ಪು ಕಿಟಕಿ ತಗದು 192.168.1.50ಕ್ಕ ಪಿಂಗ್ ಹೊಡೀತಾರ, ಉತ್ತರ ಬರ್ಲಿಲ್ಲ ಅಂದ್ರ ಕೆಳಗಿಂದ ಕೂಗ್ತಾರ, "ಯವ್ವಾ, ನಿನ್ನ ಕಂಪ್ಯೂಟರ್ ಬಂದ್ ಐತಿ ನೋಡು" ಅಂತ.